ಕರಡು ಬರೆದ ಕೈ: ಬೆನಗಲ್ ನರಸಿಂಗ ರಾಯರು

ಕಾನೂನೆಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ನ್ಯಾಯಾಲಯದ ಮೆಟ್ಟಿಲು, ವಕೀಲರ ಕಪ್ಪು ಕೋಟು, ತಲೆಮಾರು ಕಳೆದರೂ ತೀರದ ಜಾಗದ ವ್ಯಾಜ್ಯ. ಆದರೆ ನಮ್ಮ ಶಾಲೆಯ ಕಪಾಟಿನಲ್ಲಿರುವ ಹಳೆಯ ದಾಖಲಾತಿ ಪುಸ್ತಕವನ್ನು ತೆರೆದರೆ ಬೇರೊಂದು ಸಂಗತಿ ಹೊಳೆಯುತ್ತದೆ. ಮಗುವಿನ ಜನ್ಮದಿನಾಂಕ, ಹಾಜರಿ, ಅಧ್ಯಾಪಕರ ನೇಮಕ, ಕಲಿಸುವ ಭಾಷೆ ಇವೆಲ್ಲದರ ಹಿಂದೆ ಒಂದೊಂದು ಕಾನೂನು ಸದ್ದಿಲ್ಲದೆ ನಿಂತಿದೆ. ನಾವು ಅದನ್ನು ಕಾಣುವುದಿಲ್ಲ. ಅದು ಇಲ್ಲವಾದ ದಿನ ಮಾತ್ರ ಅದರ ಬೆಲೆ ತಿಳಿಯುತ್ತದೆ. ಹೀಗೆ ಕಾಣದೆ ನಿಂತು ಕಾಯುವ ಕಾನೂನುಗಳನ್ನು ತಾವೂ ಕಾಣದಂತೆಯೇ ಇದ್ದು ರೂಪಿಸಿದ ಒಬ್ಬ ಹಿರಿಯರನ್ನು ಈ ಶತಮಾನೋತ್ಸವದ ಹೊತ್ತಿನಲ್ಲಿ ಸ್ಮರಿಸುವುದು ಉಚಿತವೆಂದು ನಾವು ಭಾವಿಸಿದ್ದೇವೆ.

ಬೆನಗಲ್ ನರಸಿಂಗ ರಾಯರು 1887ರ ಫೆಬ್ರವರಿ 26ರಂದು ಜನಿಸಿದರು. ತಂದೆ ಬೆನಗಲ್ ರಾಘವೇಂದ್ರ ರಾಯರು ವೈದ್ಯರು. ಸೋದರರಲ್ಲಿ ರಾಮ ರಾಯರು ಮುಂದೆ ರಿಸರ್ವ್ ಬ್ಯಾಂಕಿನ ಗವರ್ನರರಾದರು. ಶಿವ ರಾಯರು ಪತ್ರಕರ್ತರಾಗಿ, ಸಂವಿಧಾನ ಸಭೆಯ ಸದಸ್ಯರಾಗಿ ಹೆಸರಾದರು. ನರಸಿಂಗ ರಾಯರು ಓದಿದ್ದು ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ. ಆಗ ಮಂಗಳೂರೂ ನಮ್ಮ ಕಾಸರಗೋಡೂ ಒಂದೇ ಜಿಲ್ಲೆ. ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ. ಕನ್ನಡ, ತುಳು, ಕೊಂಕಣಿ, ಮಲೆಯಾಳ, ಬ್ಯಾರಿ ಎಲ್ಲವೂ ಒಂದೇ ಸಂತೆಯಲ್ಲಿ ಕೇಳಿಬರುವ ನೆಲವದು. ಈ ಅರ್ಥದಲ್ಲಿ ಅವರು ನಮ್ಮದೇ ಜಿಲ್ಲೆಯ ಶಾಲೆಯೊಂದರ ವಿದ್ಯಾರ್ಥಿ.

ಮದ್ರಾಸ್ ವಿಶ್ವವಿದ್ಯಾಲಯದ ಪದವಿಯಲ್ಲಿ ಅವರು ಇಂಗ್ಲಿಷ್, ಭೌತಶಾಸ್ತ್ರ, ಸಂಸ್ಕೃತ ಮೂರರಲ್ಲಿಯೂ ಪ್ರಥಮ ಶ್ರೇಣಿ ಪಡೆದರು; ಬಳಿಕ ಗಣಿತದಲ್ಲಿಯೂ ಪಡೆದರು. ವಿದ್ಯಾರ್ಥಿವೇತನದಿಂದ ಕೇಂಬ್ರಿಜಿನ ಟ್ರಿನಿಟಿ ಕಾಲೇಜನ್ನು ಸೇರಿ, 1909ರಲ್ಲಿ ಐ.ಸಿ.ಎಸ್. ಪರೀಕ್ಷೆಯಲ್ಲಿ ಉತ್ತೀರ್ಣರಾಗಿ, ಬಂಗಾಳದಲ್ಲಿ ಸೇವೆಗೆ ತೊಡಗಿದರು. ಅಸ್ಸಾಮಿನಲ್ಲಿದ್ದಾಗ ಸರಕಾರಕ್ಕೆ ಮಸೂದೆಗಳನ್ನು ರಚಿಸಿಕೊಡುವ ಕೆಲಸ ಅವರ ಪಾಲಿಗೆ ಬಂದಿತು. ಗಣಿತದ ಖಚಿತತೆಯೂ ಭಾಷೆಯ ಹಿಡಿತವೂ ಕೂಡಿದ ಅವರ ಬುದ್ಧಿಗೆ ಅದು ತಕ್ಕ ಕೆಲಸವಾಗಿತ್ತು. ಒಂದು ಪದ ಸಡಿಲವಾದರೆ ಒಂದು ಮನೆ ಬೀದಿಗೆ ಬರಬಹುದು. ಒಂದು ಅಲ್ಪವಿರಾಮ ತಪ್ಪಿದರೆ ಒಬ್ಬನ ಹಕ್ಕು ತಪ್ಪಬಹುದು. ಕರಡು ಬರೆಯುವವನ ಹೊಣೆ ಅಂಥದು. 1935ರ ಭಾರತ ಸರಕಾರ ಕಾಯಿದೆ ಬಂದ ಬಳಿಕ, ಜಾರಿಯಲ್ಲಿದ್ದ ಕಾನೂನುಗಳನ್ನೆಲ್ಲ ಹೊಸ ವ್ಯವಸ್ಥೆಗೆ ಹೊಂದಿಸುವ ಭಾರವನ್ನು ಅವರೇ ಹೊತ್ತರು. 1938ರಲ್ಲಿ ಸರ್ ಪದವಿ ಬಂದಿತು. ಮರುವರ್ಷ ಕಲಕತ್ತೆಯ ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾದರು.

1941ರಲ್ಲಿ ಎರಡು ಮಹತ್ತ್ವದ ಕಾರ್ಯಗಳು ಅವರಿಗೆ ಒದಗಿದವು. ಮೊದಲನೆಯದು ಸಿಂಧೂ ನದಿಯ ನೀರಿನ ತಗಾದೆ. ಮೇಲಿನ ಪಂಜಾಬ್ ನೀರನ್ನು ತಡೆದರೆ ಕೆಳಗಿನ ಸಿಂಧ್ ಒಣಗುವುದೆಂಬ ದೂರು ಬಂದಿತ್ತು. ಹೊಳೆ ಯಾವ ಒಂದು ಪ್ರಾಂತದ ಸ್ವತ್ತೂ ಅಲ್ಲ, ಅದರ ನೀರನ್ನು ಎಲ್ಲರ ಅಗತ್ಯ ನೋಡಿ ನ್ಯಾಯವಾಗಿ ಹಂಚಬೇಕು ಎಂಬ ತತ್ತ್ವವನ್ನು ಅವರ ಆಯೋಗ ಎತ್ತಿಹಿಡಿಯಿತು. ಅಡಿಕೆ ತೋಟದ ಕಟ್ಟದ ನೀರಿಗಾಗಿ ನೆರೆಕರೆಯವರು ಮಾತು ಬಿಟ್ಟದ್ದನ್ನು ಕಂಡಿರುವ ನಮಗೆ ಈ ತತ್ತ್ವದ ಬೆಲೆಯನ್ನು ಯಾರೂ ವಿವರಿಸಬೇಕಾಗಿಲ್ಲ. ನಿಯಮವಿಲ್ಲದಲ್ಲಿ ಮೇಲಿರುವವನ ಮನಸ್ಸೇ ನಿಯಮವಾಗುತ್ತದೆ. ನಿಯಮವಿದ್ದಲ್ಲಿ ಕೆಳಗಿನವನಿಗೂ ಕೇಳುವ ಬಾಯಿ ಬರುತ್ತದೆ.

ಎರಡನೆಯದು ಹಿಂದೂ ಕಾನೂನು ಸಮಿತಿ. 1937ರ ಕಾಯಿದೆಯೊಂದು ವಿಧವೆಯರಿಗೆ ಗಂಡನ ಆಸ್ತಿಯಲ್ಲಿ ಸೀಮಿತ ಹಕ್ಕನ್ನು ಕೊಟ್ಟಿತ್ತು; ಹೆಣ್ಣುಮಕ್ಕಳ ಮಾತನ್ನು ಎತ್ತಿರಲಿಲ್ಲ. ಅದರಲ್ಲಿನ ತೊಡಕುಗಳನ್ನು ಪರಿಶೀಲಿಸಲು ರಾಯರ ಅಧ್ಯಕ್ಷತೆಯಲ್ಲಿ ಸಮಿತಿ ಏರ್ಪಟ್ಟಿತು. ಚೂರುಚೂರಾಗಿ ತೇಪೆ ಹಾಕುವುದಕ್ಕಿಂತ ಇಡೀ ಸಂಹಿತೆಯನ್ನೇ ರಚಿಸುವುದು ಲೇಸೆಂದು ಅದು ಕಂಡಿತು. 1944ರಲ್ಲಿ ಪುನಃ ರಚಿತವಾದ ಸಮಿತಿ ದೇಶದ ನಾನಾ ನಗರಗಳಲ್ಲಿ ಸಂಚರಿಸಿ ಜನರ ಸಾಕ್ಷ್ಯ ಕೇಳಿತು. ಮಗಳಿಗೂ ಪಾಲು, ಏಕಪತ್ನೀತ್ವ, ವಿಚ್ಛೇದನಕ್ಕೆ ಅವಕಾಶ ಇವುಗಳಿಗೆ ತೀವ್ರ ವಿರೋಧ ಬಂದಿತು. ಸಮಿತಿಯ ಒಬ್ಬ ಸದಸ್ಯರೇ ಭಿನ್ನಮತ ದಾಖಲಿಸಿದರು. ರಾಯರು ಧ್ವನಿ ಏರಿಸಲಿಲ್ಲ, ಕರಡನ್ನು ಹಿಂದೆಗೆದುಕೊಳ್ಳಲೂ ಇಲ್ಲ. ಅದೇ ತಳಹದಿಯ ಮೇಲೆ ಮುಂದೆ 1955ರ ವಿವಾಹ ಕಾಯಿದೆಯೂ 1956ರ ಉತ್ತರಾಧಿಕಾರ ಕಾಯಿದೆಯೂ ಬಂದವು. ಅಳಿಯಕಟ್ಟಿನ ಮನೆಗಳಲ್ಲಿ ಸಂತಾನದ ಎಳೆ ಹೆಣ್ಣಿನಿಂದಲೇ ಸಾಗುತ್ತಿದ್ದ ನಮ್ಮ ನಾಡಿನಲ್ಲಿಯೂ, ಮಕ್ಕಳಕಟ್ಟಿನ ಮನೆಯ ಹೆಣ್ಣುಮಗಳು ತವರಿನಿಂದ ಸೀರೆ, ಬಂಗಾರ ಪಡೆದು ಹೊರಟರೆ ಮುಗಿಯಿತು ಎನ್ನುವ ರೂಢಿಯಿತ್ತು. ಆ ರೂಢಿಯ ಬೇರು ಸಡಿಲವಾದದ್ದು ಈ ಕಾಯಿದೆಗಳಿಂದ. ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ಮಗಳು ಮಗನಿಗೆ ಸರಿಸಮಳಾಗಲು ಮಾತ್ರ 2005ರ ತಿದ್ದುಪಡಿಯವರೆಗೆ ಕಾಯಬೇಕಾಯಿತು.

ನಡುವೆ 1944–45ರಲ್ಲಿ ರಾಯರು ಜಮ್ಮು ಮತ್ತು ಕಾಶ್ಮೀರದ ಪ್ರಧಾನಮಂತ್ರಿಯಾಗಿದ್ದರು. ಮಹಾರಾಜರೊಡನೆ ಅಭಿಪ್ರಾಯಭೇದ ಬಂದಾಗ ಹುದ್ದೆಯನ್ನು ತೊರೆದರು. 1946ರಲ್ಲಿ ಸಂವಿಧಾನ ಸಭೆಯ ಸಾಂವಿಧಾನಿಕ ಸಲಹೆಗಾರರಾದರು. ಅವರು ಸಭೆಯ ಸದಸ್ಯರಲ್ಲ, ಅವರಿಗೆ ಮತವಿರಲಿಲ್ಲ, ಸಂಬಳವನ್ನೂ ತೆಗೆದುಕೊಳ್ಳಲಿಲ್ಲ. ಲೋಕದ ನಾನಾ ಸಂವಿಧಾನಗಳ ಪೂರ್ವನಿದರ್ಶನಗಳನ್ನು ಸಂಗ್ರಹಿಸಿ ಸದಸ್ಯರ ಕೈಗಿತ್ತರು. ಸಮಿತಿಗಳ ನಿರ್ಣಯಗಳನ್ನು ಕಾನೂನಿನ ಭಾಷೆಗಿಳಿಸಿ 1947ರ ಅಕ್ಟೋಬರಿನಲ್ಲಿ 243 ವಿಧಿಗಳ, 13 ಅನುಸೂಚಿಗಳ ಮೊದಲ ಕರಡನ್ನು ಸಿದ್ಧಪಡಿಸಿದರು. ಡಾ. ಬಿ. ಆರ್. ಅಂಬೇಡ್ಕರರ ಅಧ್ಯಕ್ಷತೆಯ ಕರಡು ಸಮಿತಿ ಅದನ್ನು ಎದುರಿಗಿಟ್ಟುಕೊಂಡು ತಿದ್ದಿತು, ಬೆಳೆಸಿತು, ಸಭೆಯಲ್ಲಿ ಪ್ರತಿ ವಿಧಿಯನ್ನೂ ಸಮರ್ಥಿಸಿತು. ಕೊನೆಗೆ 395 ವಿಧಿಗಳಾದವು. ಕೃತಿಯ ಕೀರ್ತಿಯಲ್ಲಿ ರಾಯರಿಗೂ ಪಾಲಿದೆಯೆಂದು ಅಂಬೇಡ್ಕರರೇ ತಮ್ಮ ಸಮಾರೋಪ ಭಾಷಣದಲ್ಲಿ ಒಪ್ಪಿಕೊಂಡರು. ಒಬ್ಬರನ್ನು ಏರಿಸಲು ಇನ್ನೊಬ್ಬರನ್ನು ಇಳಿಸುವುದು ಇಬ್ಬರಿಗೂ ಸಲ್ಲದು.

ಅವರ ಎಲ್ಲ ಸಲಹೆಗಳನ್ನೂ ಕಾಲ ಒಪ್ಪಿಕೊಂಡಿಲ್ಲವೆಂಬುದನ್ನೂ ನಾವು ಹೇಳಬೇಕು. 1947ರ ಕೊನೆಯಲ್ಲಿ ಅವರು ಅಮೆರಿಕದಲ್ಲಿ ನ್ಯಾಯಮೂರ್ತಿ ಫ್ರಾಂಕ್‌ಫರ್ಟರರನ್ನು ಕಂಡು ಚರ್ಚಿಸಿದರು. ಶಾಸನಸಭೆಯ ಕಾನೂನನ್ನು ಕೆಲವೇ ನ್ಯಾಯಾಧೀಶರು ತಳ್ಳಿಹಾಕುವಂತಾಗಬಾರದೆಂಬ ಮಾತು ಅವರ ಮನಸ್ಸಿಗೆ ನಾಟಿತು. ವ್ಯಕ್ತಿಸ್ವಾತಂತ್ರ್ಯದ ವಿಧಿಯಲ್ಲಿ ನ್ಯಾಯಯುತ ಪ್ರಕ್ರಿಯೆಯ ಮಾತು ಬಿಟ್ಟುಹೋಗಿ, ಕಾನೂನು ಗೊತ್ತುಪಡಿಸಿದ ಕ್ರಮವಷ್ಟೇ ಉಳಿಯಿತು. ಆ ಕ್ರಮವೂ ನ್ಯಾಯವಾಗಿರಲೇಬೇಕೆಂದು ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿದ್ದು 1978ರಲ್ಲಿ. ಬರೆದ ಕಾನೂನನ್ನು ಮುಂದಿನವರು ಓದಿ ತಿದ್ದಿಕೊಳ್ಳುತ್ತಲೇ ಇರಬೇಕೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಬಳಿಕ ರಾಯರು ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾದರು. 1950ರ ಜೂನಿನಲ್ಲಿ ಕೊರಿಯಾದ ಯುದ್ಧ ಸಿಡಿದಾಗ ಭದ್ರತಾ ಮಂಡಳಿಯ ಅಧ್ಯಕ್ಷಪೀಠದಲ್ಲಿದ್ದವರು ಅವರೇ. 1952ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. 1953ರ ನವೆಂಬರ್ 30ರಂದು ಜ್ಯೂರಿಚ್‌ನಲ್ಲಿ ಕಾಲವಾದರು.

ಅವರು ತೀರಿಕೊಂಡ ಮೂರು ವರ್ಷಕ್ಕೆ, 1956ರ ನವೆಂಬರ್ 1ರಂದು, ಅವರು ಓದಿದ ಮಂಗಳೂರು ಒಂದು ರಾಜ್ಯಕ್ಕೂ ನಮ್ಮ ಕಾಸರಗೋಡು ಇನ್ನೊಂದಕ್ಕೂ ಸೇರಿದವು. ಗಡಿಗೆರೆ ಎಳೆದದ್ದೂ ಒಂದು ಕಾನೂನೇ. ಅದರ ನೋವನ್ನು ನಾವು ಮರೆತಿಲ್ಲ. ಆದರೆ ಆ ಗೆರೆಯ ಈಚೆಗೆ ಉಳಿದ ನಮ್ಮನ್ನು ಕಾದದ್ದೂ ಕಾನೂನೇ. ಭಾಷೆ, ಲಿಪಿ, ಸಂಸ್ಕೃತಿಗಳನ್ನು ಉಳಿಸಿಕೊಳ್ಳುವ ಹಕ್ಕನ್ನು ಸಂವಿಧಾನದ 29ನೆಯ ವಿಧಿಯೂ, ಅಲ್ಪಸಂಖ್ಯಾತರು ತಮ್ಮ ವಿದ್ಯಾಸಂಸ್ಥೆಗಳನ್ನು ಕಟ್ಟಿ ನಡೆಸುವ ಹಕ್ಕನ್ನು 30ನೆಯ ವಿಧಿಯೂ ಕೊಟ್ಟವು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಕರ್ಯ ಒದಗಿಸಬೇಕೆಂಬ 350ಎ ವಿಧಿ ರಾಜ್ಯಗಳ ಪುನರ್ವಿಂಗಡಣೆಯೊಡನೆ 1956ರಲ್ಲಿ ಸೇರಿತು. ಕನ್ನಡ ಬಲ್ಲ ಅಧ್ಯಾಪಕರು ಬೇಕೆಂದು, ಕನ್ನಡದಲ್ಲಿ ಪ್ರಶ್ನೆಪತ್ರಿಕೆ ಬೇಕೆಂದು ಮನವಿ ಹಿಡಿದು ಕಚೇರಿಗೆ ಹೋದ ನಮ್ಮ ಹಿರಿಯರು ದಯೆ ಬೇಡಲು ಹೋದವರಲ್ಲ. ಹಕ್ಕು ಕೇಳಲು ಹೋದವರು. ಆ ವ್ಯತ್ಯಾಸವನ್ನು ಉಂಟುಮಾಡುವುದೇ ಕಾನೂನು.

ಆದರೆ ಯಾವ ವಿಧಿಯೂ ಮಗುವನ್ನು ಕೈಹಿಡಿದು ತರಗತಿಗೆ ಕರೆತರುವುದಿಲ್ಲ. ಬೆಂಚು ಖಾಲಿಯಾದರೆ 30ನೆಯ ವಿಧಿ ಪುಸ್ತಕದಲ್ಲಿಯೇ ಉಳಿದೀತು. ರಾಯರಂಥವರು ಬರೆದಿಟ್ಟ ಹಕ್ಕನ್ನು ಬಳಸಿ ಉಳಿಸುವ ಕೆಲಸ ಮಕ್ಕಳನ್ನು ಕನ್ನಡ ತರಗತಿಗೆ ಕಳುಹಿಸುವ ತಾಯ್ತಂದೆಯರದು, ಕಲಿಸುವ ಅಧ್ಯಾಪಕರದು, ಕಲಿತು ಹೊರಟ ನಮ್ಮೆಲ್ಲರದು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಮುಂದಿನ ನೂರು ವರ್ಷಗಳ ಪುಟಗಳು ಇನ್ನೂ ಬರಿದಾಗಿವೆ. ಅವುಗಳನ್ನು ತುಂಬಬೇಕಾದವರು ನಾವು.