ಉದ್ದಿಷ್ಟತ್ಯಾಗದ ಹಾದಿಯಲ್ಲಿ ಶಾಂತಿಸಾಗರ ಮಹಾರಾಜರು

ಬೆಳಗಾವಿ ಜಿಲ್ಲೆಯಲ್ಲಿ ವೇದಗಂಗಾ ದೂಧಗಂಗಾ ನದಿಗಳು ಕೂಡುವ ಎಡೆಯಲ್ಲಿ ಭೋಜ ಗ್ರಾಮವಿದೆ. ಅಲ್ಲಿಯ ಪಾಟೀಲ ಮನೆತನದ ಭೀಮಗೌಡ ಸತ್ಯವತಿ ದಂಪತಿಗಳಿಗೆ ೧೮೭೨ರಲ್ಲಿ ಜನಿಸಿದ ಸಾತಗೌಡರೇ ಮುಂದೆ ಚಾರಿತ್ರಚಕ್ರವರ್ತಿ ಆಚಾರ್ಯ ಶ್ರೀ ಶಾಂತಿಸಾಗರ ಮುನಿ ಮಹಾರಾಜರೆಂದು ವಿಖ್ಯಾತರಾದರು. ಆ ಕಾಲದ ರೂಢಿಯಂತೆ ಬಾಲ್ಯದಲ್ಲಿಯೇ ವಿವಾಹವಾಗಿ, ಕೆಲವೇ ತಿಂಗಳಲ್ಲಿ ಆ ಬಾಲವಧು ತೀರಿಕೊಂಡಳು. ಅವರು ಮತ್ತೆ ವಿವಾಹವಾಗಲಿಲ್ಲ. ವೈರಾಗ್ಯವು ಎಳವೆಯಲ್ಲಿಯೇ ಮೂಡಿದ್ದರೂ ತಂದೆತಾಯಿಗಳ ಮನಸ್ಸನ್ನು ನೋಯಿಸಲೊಲ್ಲದೆ, ಅವರ ಜೀವಿತಕಾಲದಲ್ಲಿ ಮನೆಯಲ್ಲಿಯೇ ಉಳಿದರು. ೧೯೧೫ರಲ್ಲಿ ಉತ್ತೂರಿನಲ್ಲಿ ದೇವೇಂದ್ರಕೀರ್ತಿ ಮುನಿಗಳಿಂದ ಕ್ಷುಲ್ಲಕ ದೀಕ್ಷೆ ಪಡೆದಾಗ ಅವರ ವಯಸ್ಸು ನಲವತ್ತನ್ನು ದಾಟಿತ್ತು.

ಆಗಿನ ತ್ಯಾಗಿಗಳ ಸ್ಥಿತಿಯನ್ನು ಅರಿಯದೆ ಮುಂದಿನ ಸಂಗತಿಯ ಮಹತ್ತ್ವ ತಿಳಿಯದು. ದಿಗಂಬರ ಮುನಿಗಳ ಸಂಖ್ಯೆ ಬೆರಳೆಣಿಕೆಯದಾಗಿತ್ತು. ಇದ್ದವರೂ ಊರೊಳಗೆ ಹೋಗುವಾಗ ಮೈಮೇಲೆ ವಸ್ತ್ರ ಹೊದ್ದು ಹೋಗುವ ವಾಡಿಕೆ ಬೆಳೆದಿತ್ತು. ಇಂದು ಇಂಥವರ ಮನೆಯಲ್ಲಿ ಆಹಾರವೆಂದು ಉಪಾಧ್ಯೆಯವರು ಮೊದಲೇ ಗೊತ್ತುಮಾಡುವರು. ಆ ಮನೆಯವರು ಸಿದ್ಧತೆ ಮಾಡಿಕೊಂಡಿರುವರು. ತ್ಯಾಗಿಗಳು ನೇರವಾಗಿ ಅಲ್ಲಿಗೇ ಹೋಗುವರು. ಅಮಂಗಲ ಶಬ್ದ ಕಿವಿಗೆ ಬಿದ್ದು ಅಂತರಾಯವಾಗದಿರಲೆಂದು ಆಹಾರದ ವೇಳೆ ಗಂಟೆ ಬಾರಿಸುವುದೂ ಇತ್ತು. ಇದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲ. ಭಕ್ತಿಯಿಂದಲೇ ಮಾಡುತ್ತಿದ್ದರು. ಭಕ್ತಿಯಿಂದ ಹುಟ್ಟಿದ ತಪ್ಪನ್ನು ತಿದ್ದುವುದು ಅಭಕ್ತಿಯಿಂದ ಹುಟ್ಟಿದುದನ್ನು ತಿದ್ದುವುದಕ್ಕಿಂತ ಕಷ್ಟ.

ಕ್ಷುಲ್ಲಕರು ಇರುವುದು ಹನ್ನೊಂದನೆಯ ಪ್ರತಿಮೆಯಲ್ಲಿ. ಆ ಪ್ರತಿಮೆಯ ಹೆಸರೇ ಉದ್ದಿಷ್ಟತ್ಯಾಗ: ತನಗಾಗಿಯೇ ಮಾಡಿದ ಅಡಿಗೆಯನ್ನು ಸ್ವೀಕರಿಸದಿರುವುದು. ವ್ರತದ ಹೆಸರನ್ನು ಧರಿಸಿ, ಗೊತ್ತುಮಾಡಿದ ಮನೆಯ ಊಟವನ್ನುಂಡರೆ ಉಳಿಯುವುದೇನು? ಶಾಂತಿಸಾಗರರು ಹಾಗೆ ಉಣ್ಣಲು ಒಪ್ಪಲಿಲ್ಲ. ಪಂಚಮಕಾಲದಲ್ಲಿ ಹಳೆಯ ಚರ್ಯೆ ನಡೆಯದು, ಜನರಿಗೆ ಪಡಗಾಹನದ ವಿಧಿಯೇ ತಿಳಿಯದು, ಹಟ ಹಿಡಿದರೆ ಉಪವಾಸವೇ ಗತಿ ಎಂದು ಬಲ್ಲವರು ಬುದ್ಧಿ ಹೇಳಿದರು. ಸಹತ್ಯಾಗಿಗಳ ಅಭಿಪ್ರಾಯವೂ ಅದೇ ಆಗಿತ್ತು. ಹೊಸದಾಗಿ ದೀಕ್ಷೆ ಪಡೆದವನು ಹಿರಿಯರ ನಡೆಯನ್ನು ಬಿಟ್ಟು ನಡೆದರೆ ಅವಿನಯವೆನಿಸದೆ ಎಂಬ ಸಂಕೋಚವೂ ಸಣ್ಣದಲ್ಲ.

ಅವರು ವಾದಕ್ಕೆ ನಿಲ್ಲಲಿಲ್ಲ, ಯಾರನ್ನೂ ಖಂಡಿಸಲಿಲ್ಲ. ಚರ್ಯೆಯ ವೇಳೆಗೆ ಹೊರಟು, ವಿಧಿಪೂರ್ವಕವಾಗಿ ಬರಮಾಡಿಕೊಳ್ಳುವವರಿಲ್ಲದಿದ್ದರೆ ಹಾಗೆಯೇ ಹಿಂದಿರುಗಿ ಸಾಮಾಯಿಕಕ್ಕೆ ಕುಳಿತರು. ಮರುದಿನವೂ ಅಷ್ಟೇ. ಸತತವಾಗಿ ಕೆಲವು ದಿನ ನಿರಾಹಾರವಾದಾಗ ಊರ ಶ್ರಾವಕರಿಗೆ ಕಳವಳ ಹುಟ್ಟಿತು. ತಿಳಿಯದಿದ್ದ ವಿಧಿಯನ್ನು ಕೇಳಿ ತಿಳಿದುಕೊಂಡರು. ಒಂದು ಮನೆಯವರಲ್ಲ, ಹಲವು ಮನೆಯವರು ತಮಗಾಗಿ ಶುದ್ಧ ಅಡಿಗೆ ಮಾಡಿಕೊಂಡು ಬಾಗಿಲಲ್ಲಿ ಕಲಶ ಹಿಡಿದು ನಿಲ್ಲತೊಡಗಿದರು. ಯಾರ ಬಾಗಿಲಿಗೆ ಬರುವರೆಂಬುದು ಯಾರಿಗೂ ಮೊದಲೇ ಗೊತ್ತಿರುತ್ತಿರಲಿಲ್ಲ. ಇಂದು ನಮ್ಮ ಮನೆಗಳಲ್ಲಿ ಸಹಜವೆನಿಸುವ ಈ ದೃಶ್ಯದ ಹಿಂದೆ ಆ ಹಸಿದ ದಿನಗಳಿವೆ.

ಧ್ಯಾನಸ್ಥರಾಗಿದ್ದಾಗ ಸರ್ಪವು ಮೈಗೆ ಸುತ್ತಿಕೊಂಡರೂ ಅವರು ಅಲುಗಲಿಲ್ಲವೆಂಬ ವೃತ್ತಾಂತವನ್ನು ಮಕ್ಕಳೂ ಬಲ್ಲರು. ಹಾವಿನ ಮುಂದೆ ನಿಶ್ಚಲರಾಗಿರುವುದು ದೊಡ್ಡದೇ ಸರಿ. ಆದರೆ ಕೈಮುಗಿದು ಬೇಡಿಕೊಳ್ಳುವ ಸ್ವಜನರ ಮುಂದೆ ನಿಶ್ಚಲರಾಗಿರುವುದು ಅದಕ್ಕಿಂತ ಕಿರಿದಲ್ಲ.

ಗಿರನಾರದಲ್ಲಿ ಐಲಕರಾಗಿ, ೧೯೨೦ರಲ್ಲಿ ಯರನಾಳದಲ್ಲಿ ನಿರ್ಗ್ರಂಥ ದೀಕ್ಷೆ ಪಡೆದರು. ಹೊದಿಕೆಯ ವಾಡಿಕೆಯನ್ನೂ ಅವರು ಅನುಸರಿಸಲಿಲ್ಲ. ದಿಗಂಬರರಾಗಿಯೇ ಊರೊಳಗೆ ನಡೆದರು. ೧೯೨೪ರಲ್ಲಿ ಸಮಡೋಳಿಯಲ್ಲಿ ಸಂಘವು ಅವರಿಗೆ ಆಚಾರ್ಯ ಪದವಿಯನ್ನಿತ್ತಿತು. ಬಳಿಕ ಸಂಘಸಮೇತರಾಗಿ ಕಾಲ್ನಡಿಗೆಯಲ್ಲಿ ಸಮ್ಮೇದಶಿಖರಜಿಯವರೆಗೂ ಹೋದರು. ಎಷ್ಟೋ ತಲೆಮಾರುಗಳಿಂದ ದಿಗಂಬರ ಮುನಿಯನ್ನು ಕಂಡಿರದ ಉತ್ತರದ ಊರುಗಳು ಅವರನ್ನು ಕಂಡವು.

೧೯೪೮ರಲ್ಲಿ ಇನ್ನೊಂದು ಕಠಿಣ ಪ್ರಸಂಗ ಒದಗಿತು. ಮುಂಬಯಿ ಪ್ರಾಂತದ ಹರಿಜನ ದೇವಾಲಯ ಪ್ರವೇಶದ ಕಾನೂನನ್ನು ಜಿನಮಂದಿರಗಳಿಗೆ ಅನ್ವಯಿಸಿದುದನ್ನು ವಿರೋಧಿಸಿ ಅವರು ಅನ್ನಾಹಾರವನ್ನು ತ್ಯಜಿಸಿದರು. ಅಸ್ಪೃಶ್ಯತೆಯ ಅನ್ಯಾಯವನ್ನು ಕಂಡ ಜೈನರಲ್ಲಿಯೂ ಅನೇಕರು ಈ ನಿಲುವನ್ನು ಒಪ್ಪಲಿಲ್ಲ. ಇಂದೂ ಒಪ್ಪದವರಿದ್ದಾರೆ, ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ೧೯೫೧ರ ಜುಲೈಯಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಅಕಲೂಜದ ಮಂದಿರದ ವಿಷಯದಲ್ಲಿ ಜೈನರ ಪರವಾಗಿ ತೀರ್ಪಿತ್ತ ಮೇಲೆಯೇ, ಮೂರು ವರ್ಷಗಳ ನಂತರ, ಎಂಬತ್ತರ ಅಂಚಿನಲ್ಲಿದ್ದ ಅವರು ಅನ್ನ ಸ್ವೀಕರಿಸಿದರು.

ಕಡೆಗೆ ಕಣ್ಣುಗಳು ಮಂದವಾದವು. ಕಣ್ಣು ಕಾಣದೆ ಈರ್ಯಾಸಮಿತಿಯಿಲ್ಲ, ಆಹಾರದ ಶೋಧನೆಯೂ ಇಲ್ಲ. ೧೯೫೫ರ ಆಗಸ್ಟ್‌ನಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನಾ ವ್ರತವನ್ನು ಕೈಗೊಂಡರು. ದೂರದ ಜಯಪುರದಲ್ಲಿದ್ದ ಶಿಷ್ಯ ವೀರಸಾಗರ ಮುನಿಗಳಿಗೆ ಆಚಾರ್ಯ ಪದವಿಯನ್ನು ಒಪ್ಪಿಸಿ ಕಳುಹಿದರು. ಸಾವಿರಾರು ಜನ ಬೆಟ್ಟದಲ್ಲಿ ನೆರೆದಿದ್ದರು. ಮೊದಲು ಆಗಾಗ್ಗೆ ಸ್ವೀಕರಿಸುತ್ತಿದ್ದ ನೀರನ್ನೂ ಅವರು ಬಿಟ್ಟರು. ಮೂವತ್ತಾರನೆಯ ದಿನ, ಸೆಪ್ಟೆಂಬರ್ ೧೮ರ ಬೆಳಗ್ಗೆ, ಸಮಾಧಿಸ್ಥರಾದರು.