ಅಕ್ಟೋಬರ್ 13: ಬಾಬಾಸಾಹೇಬರು ಮಾತು ಕೊಟ್ಟ ದಿನ



ನಾಳೆ ಅಕ್ಟೋಬರ್ 14. ಧಮ್ಮಚಕ್ರ ಪ್ರವರ್ತನ ದಿನದ ಶುಭಾಶಯಗಳು ಬೆಳಿಗ್ಗೆಯಿಂದಲೇ ನಮ್ಮ ಫೋನಿಗೆ ಬರುತ್ತವೆ. ಅದರ ಹಿಂದಿನ ದಿನ ಮಾತ್ರ ಸದ್ದಿಲ್ಲದೆ ಕಳೆದುಹೋಗುತ್ತದೆ. 1935ರ ಅಕ್ಟೋಬರ್ 13ರಂದು ನಾಸಿಕ್ ಜಿಲ್ಲೆಯ ಯೇವಲಾದಲ್ಲಿ ಬಾಬಾಸಾಹೇಬರು ತಾವು ಹಿಂದೂವಾಗಿ ಹುಟ್ಟಿದರೂ ಹಿಂದೂವಾಗಿ ಸಾಯುವುದಿಲ್ಲವೆಂದು ಸಾರಿದರು. ಆ ಮಾತನ್ನು ನಡೆಸಿಕೊಟ್ಟದ್ದು 1956ರ ಅಕ್ಟೋಬರ್ 14ರಂದು. ನಡುವೆ 21 ವರ್ಷ, ಒಂದು ದಿನ.

ನಮ್ಮ ಅಧ್ಯಯನ ಬಳಗಕ್ಕೆ ಹೊಸದಾಗಿ ಬಂದ ತಂಗಿಯೊಬ್ಬಳು ನನ್ನನ್ನು ಕೇಳಿದಳು: ಬಾಬಾಸಾಹೇಬರು ಅಷ್ಟು ವರ್ಷ ಏಕೆ ಕಾದರು? ಆಗಲೇ ದೀಕ್ಷೆ ಪಡೆದಿದ್ದರೆ ಹೆಚ್ಚು ಕಾಲ ಬೌದ್ಧರಾಗಿ ಬದುಕಬಹುದಿತ್ತಲ್ಲವೇ? ಅವಳದು ಬರೀ ಕುತೂಹಲವಲ್ಲ. ದೀಕ್ಷೆ ಪಡೆದ ಮೇಲೂ ಮದುವೆ, ಗೃಹಪ್ರವೇಶ ಬಂದಾಗ ಹಳೆಯ ಪದ್ಧತಿಯನ್ನೇ ಮಾಡಿ ಎಂದು ನೆಂಟರು ಅವಳ ಮನೆಗೆ ಬಂದು ಕೂರುತ್ತಾರೆ. ಅವಳಿಗೆ ಹೇಳಿದ್ದನ್ನೇ ನಿಮಗೂ ಬರೆಯುತ್ತಿದ್ದೇನೆ.

ಯೇವಲಾದ ಮಾತು ಕೋಪದಲ್ಲಿ ಬಂದದ್ದಲ್ಲ. ನಾಸಿಕದ ಕಾಳಾರಾಮ ಮಂದಿರದ ಸತ್ಯಾಗ್ರಹ ಶುರುವಾದದ್ದು 1930ರ ಮಾರ್ಚ್ 2ರಂದು. ಐದು ವರ್ಷ ಕಳೆದರೂ ಬಾಗಿಲು ತೆರೆಯಲಿಲ್ಲ. 1935ರ ಮೇ 27ರಂದು ರಮಾಬಾಯಿ ತೀರಿಕೊಂಡರು. ಪಂಢರಪುರಕ್ಕೆ ಹೋಗಬೇಕೆಂಬುದು ಆ ತಾಯಿಯ ಆಸೆಯಾಗಿತ್ತು. ನಮ್ಮವರು ಅಲ್ಲಿ ಹೊರಗೇ ನಿಲ್ಲಬೇಕಿದ್ದ ಕಾಲವದು. ಅದಾಗಿ ಐದು ತಿಂಗಳು ತುಂಬುವ ಮೊದಲೇ ಬಾಬಾಸಾಹೇಬರು ಯೇವಲಾದಲ್ಲಿ ನಿಂತಿದ್ದರು.

ಬಿಡುವುದು ನಿಶ್ಚಯವಾಗಿತ್ತು, ಸೇರುವುದು ಎಲ್ಲಿಗೆ ಎಂಬುದನ್ನು ಅವರು ಅಂದು ಹೇಳಲಿಲ್ಲ. ಬೇರೆ ಬೇರೆ ಧರ್ಮದ ಮುಖಂಡರು ತಮ್ಮಲ್ಲಿಗೆ ಬನ್ನಿ ಎಂದು ಕರೆದರು. ಅವರು ಅವಸರಪಡಲಿಲ್ಲ. ಸಿಖ್ ಧರ್ಮವನ್ನು ಹತ್ತಿರದಿಂದ ನೋಡಿದರು. 1936ರ ಮೇ ಕೊನೆಯಲ್ಲಿ ಮುಂಬೈಯಲ್ಲಿ ಮಹಾರ್ ಸಮಾಜದ ಪರಿಷತ್ತು ಸೇರಿದಾಗ ಧರ್ಮಾಂತರ ಏಕೆ ಬೇಕೆಂದು ಜನರಿಗೆ ಬಿಡಿಸಿ ಹೇಳಿದರು. ಒಬ್ಬರೇ ದಾಟುವುದಾಗಿದ್ದರೆ ಒಂದು ದಿನ ಸಾಕಿತ್ತು. ಅವರಿಗೆ ಎಲ್ಲರನ್ನೂ ಜೊತೆಗೆ ದಾಟಿಸಬೇಕಿತ್ತು.

ಬುದ್ಧ ಅವರಿಗೆ ಹೊಸಬನಲ್ಲ. ಮೆಟ್ರಿಕ್ ಪಾಸಾದಾಗ ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಅವರು ತಾವೇ ಬರೆದ ಬುದ್ಧ ಚರಿತ್ರೆಯನ್ನು ಕೊಟ್ಟಿದ್ದರು. ದಾದರಿನ ಮನೆಗೆ ಬೌದ್ಧ ಇತಿಹಾಸದ ರಾಜಗೃಹದ ಹೆಸರಿಟ್ಟಿದ್ದರು. 1946ರಲ್ಲಿ ಮುಂಬೈಯಲ್ಲಿ ಕಾಲೇಜು ತೆರೆದಾಗ ಅದಕ್ಕೆ ಸಿದ್ಧಾರ್ಥನ ಹೆಸರು ಕೊಟ್ಟರು. ಸಂವಿಧಾನದ ಕೆಲಸ, ಹಿಂದೂ ಕೋಡ್ ಬಿಲ್ಲಿನ ಹೋರಾಟದ ನಡುವೆಯೂ ಧಮ್ಮದ ಓದು ನಿಲ್ಲಲಿಲ್ಲ. 1950ರಲ್ಲಿ ಕೊಲಂಬೊಗೆ, 1954ರಲ್ಲಿ ರಂಗೂನಿಗೆ ಹೋಗಿ ಬೌದ್ಧ ಸಮ್ಮೇಳನಗಳಲ್ಲಿ ಭಾಗವಹಿಸಿದರು. 1955ರಲ್ಲಿ ಭಾರತೀಯ ಬೌದ್ಧ ಮಹಾಸಭಾ ಕಟ್ಟಿದರು. ಸಕ್ಕರೆ ಕಾಯಿಲೆ, ಕಾಲುನೋವಿನ ನಡುವೆಯೇ ಬುದ್ಧ ಮತ್ತು ಅವನ ಧಮ್ಮ ಗ್ರಂಥವನ್ನು ಬರೆದರು.

ಆಮೇಲೆ ನಾಗಪುರ. ಅಶೋಕ ವಿಜಯದಶಮಿಯ ದಿನ ಭಂತೆ ಚಂದ್ರಮಣಿಯವರಿಂದ ಬಾಬಾಸಾಹೇಬರೂ ಸವಿತಾ ಅವರೂ ತ್ರಿಸರಣ, ಪಂಚಶೀಲ ಸ್ವೀಕರಿಸಿದರು. ಬಳಿಕ ಲಕ್ಷಾಂತರ ಜನರಿಗೆ ಅವರೇ ದೀಕ್ಷೆ ಕೊಟ್ಟು 22 ಪ್ರತಿಜ್ಞೆಗಳನ್ನು ಹೇಳಿಕೊಟ್ಟರು. 53 ದಿನಗಳ ನಂತರ, ಡಿಸೆಂಬರ್ 6ರಂದು, ದೆಹಲಿಯಲ್ಲಿ ಕಣ್ಣುಮುಚ್ಚಿದರು. ಆ ಗ್ರಂಥ ಅಚ್ಚಾಗಿ ಬಂದದ್ದು 1957ರಲ್ಲಿ. ಅವರು ಅದನ್ನು ನೋಡಲಿಲ್ಲ.

ಆ 21 ವರ್ಷಗಳನ್ನು ನಾನು ಕಾದ ಕಾಲವೆಂದು ಎಣಿಸುವುದಿಲ್ಲ. ಓದಿದ, ತೂಗಿ ನೋಡಿದ, ಜನರನ್ನು ಸಿದ್ಧಗೊಳಿಸಿದ ಕಾಲವದು. ದೀಕ್ಷೆಗೆ ಮೊದಲು ಅವರು ಮಾಡಿದ ಆ ಕೆಲಸವನ್ನು ನಮ್ಮಲ್ಲಿ ಬಹಳ ಮಂದಿ ದೀಕ್ಷೆಯ ನಂತರ ಮಾಡಬೇಕಾಗಿದೆ. ನೆಂಟರು ಬಂದು ಕೂತಾಗ ಜಗಳ ಬೇಡ, ತಲೆ ತಗ್ಗಿಸುವುದೂ ಬೇಡ. ಏಕೆ ಬಿಟ್ಟೆವು, ಏನನ್ನು ಹಿಡಿದೆವು ಎಂದು ಸಮಾಧಾನದಿಂದ ಹೇಳುವಷ್ಟು ಓದಿಕೊಂಡಿರೋಣ.

ನಾಳೆ ಹಬ್ಬ ಮಾಡೋಣ. ಇವತ್ತು ರಾತ್ರಿ ಊಟವಾದ ಮೇಲೆ ಮನೆಯವರೆಲ್ಲ ಕೂತು 22 ಪ್ರತಿಜ್ಞೆಗಳನ್ನು ನಿಧಾನವಾಗಿ ಓದೋಣ. ನಮ್ಮ ಮನೆಯಲ್ಲಿ ಇನ್ನೂ ಜಾರಿಗೆ ಬರದ ಪ್ರತಿಜ್ಞೆ ಯಾವುದೋ, ಈ ವರ್ಷದ ಅಭ್ಯಾಸ ಅಲ್ಲಿಂದಲೇ ಶುರುವಾಗಲಿ.

ನಮೋ ಬುದ್ಧಾಯ. ಜೈ ಭೀಮ್.