ಬಿಸಿಎನ್‌ಎಫ್‌ನ ಕಾಡ್ ಮತ್ತು ಕಡ್ಡಿರಾಂಪುರದ ನೆಟ್‌ವರ್ಕ್

ಡಿಬಿಎಂಎಸ್ ಪರೀಕ್ಷೆಯ ಹಿಂದಿನ ರಾತ್ರಿ ನಾವೆಲ್ಲ ಬಿಸಿಎನ್‌ಎಫ್ ಬಾಯಿಪಾಠ ಮಾಡಿದವರೇ. ಅದರಲ್ಲಿರೋ ಸಿ ಅಕ್ಷರ ಒಬ್ಬ ಮನುಷ್ಯನ ಹೆಸರು ಅನ್ನೋದು ಮಾತ್ರ ಮಾರ್ಕ್ಸ್ ಬಂದ ಮೇಲೆ ಮರೆತೇ ಹೋಗಿತ್ತು. ಮತ್ತೆ ನೆನಪಾಗಿದ್ದು ಕಡ್ಡಿರಾಂಪುರದಲ್ಲಿ.

ಹೊಸಪೇಟೆಯಿಂದ ಹಂಪಿಗೆ ಹೋಗೋ ದಾರಿಯಲ್ಲಿರುವ ಆ ಊರಿನ ಒಂದು ಸಣ್ಣ ಕಚೇರಿಯವರು ನಮ್ಮನ್ನು ಕರೆದಿದ್ದರು. ಐದು ಕಂಪ್ಯೂಟರ್, ಒಂದು ಸ್ವಿಚ್, ಒಂದು ಕಂಪ್ಯೂಟರಿನ ಶೇರ್ ಮಾಡಿದ ಫೋಲ್ಡರಿನಲ್ಲಿ ಡೇಟಾಬೇಸ್ ಫೈಲು. ಒಬ್ಬರೇ ಕೂತರೆ ಕೆಲಸ ಹೇಗೋ ಸಾಗ್ತಿತ್ತು. ಮೂರು ಜನ ಒಟ್ಟಿಗೆ ಹೆಸರು ಹುಡುಕಿದರೆ ಎಲ್ಲರ ಪರದೆಯೂ ನಿಂತುಬಿಡ್ತಿತ್ತು. ಹೊರಗೆ ಬೆಂಚಿನ ಮೇಲೆ ಗದ್ದೆ ಕೆಲಸ ಬಿಟ್ಟು ಬಂದವರು ಗಡಿಯಾರ ನೋಡುತ್ತಾ ಕೂತಿದ್ದರು. ನಾವು ಮೊದಲು ಕೇಬಲ್ ಬದಲಾಯಿಸಿದೆವು, ಆಮೇಲೆ ಸ್ವಿಚ್. ಏನೂ ಉಪಯೋಗ ಆಗಲಿಲ್ಲ. ಕಾಯಿಲೆ ಎಲ್ಲಿತ್ತು ಅಂತ ಹೇಳೋಕೆ ಮುಂಚೆ ಆ ಮನುಷ್ಯನ ಕಥೆ ಹೇಳಬೇಕು.

ಎಡ್ಗರ್ ಫ್ರಾಂಕ್ ಕಾಡ್ ಹುಟ್ಟಿದ್ದು 1923ರ ಆಗಸ್ಟ್ 19ರಂದು, ಇಂಗ್ಲೆಂಡಿನ ಪೋರ್ಟ್‌ಲ್ಯಾಂಡ್‌ನಲ್ಲಿ. ಏಳು ಮಕ್ಕಳಲ್ಲಿ ಕೊನೆಯವರು. ತಾಯಿ ಶಾಲಾ ಶಿಕ್ಷಕಿ. ಆಕ್ಸ್‌ಫರ್ಡಿನಲ್ಲಿ ಗಣಿತ ಮತ್ತು ರಸಾಯನಶಾಸ್ತ್ರ ಓದಿದ ಕಾಡ್ ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ಪೈಲಟ್ ಆಗಿದ್ದರು. ಯುದ್ಧ ಮುಗಿದ ಮೇಲೆ ಅಮೆರಿಕಕ್ಕೆ ಹೋಗಿ ಐಬಿಎಂ ಸೇರಿದರು. 1953ರಲ್ಲಿ, ಸೆನೆಟರ್ ಮೆಕಾರ್ಥಿಯ ರಾಜಕೀಯ ಸಹಿಸಲಾಗದೆ, ಆ ದೇಶವನ್ನೇ ಬಿಟ್ಟು ಕೆನಡಾಕ್ಕೆ ನಡೆದರು. ವಾಪಸ್ ಬಂದಿದ್ದು 1957ರಲ್ಲಿ. ನಲವತ್ತರ ವಯಸ್ಸಿನಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದಿ ಡಾಕ್ಟರೇಟ್ ಪಡೆದರು. ಒಪ್ಪದ ವಿಷಯಕ್ಕೆ ತಲೆ ಬಾಗದ ಈ ಹಠವೇ ಮುಂದೆ ಅವರನ್ನು ಕಾಪಾಡಿತು, ಕಾಡಿತು ಕೂಡ.

ಆಗಿನ ಡೇಟಾಬೇಸ್‌ಗಳು ಹೇಗಿದ್ದವು ಅಂದ್ರೆ, ಒಂದು ಮಾಹಿತಿ ಬೇಕಾದರೆ ಪ್ರೋಗ್ರಾಮ್ ಬರೆಯುವವನಿಗೆ ದಾರಿಯೆಲ್ಲ ಗೊತ್ತಿರಬೇಕು. ಕಡ್ಡಿರಾಂಪುರದಲ್ಲಿ ಆಟೋ ಹತ್ತಿ ವಿಜಯ ವಿಠ್ಠಲ ದೇವಸ್ಥಾನಕ್ಕೆ ಹೊರಟವರು ಪ್ರತಿ ತಿರುವನ್ನೂ ತಾವೇ ಹೇಳಬೇಕು ಅಂದ ಹಾಗೆ. ಒಂದು ರಸ್ತೆ ಬಂದ್ ಆದರೆ ಪ್ರಯಾಣವೇ ನಿಂತಿತು. 1970ರಲ್ಲಿ, ಸ್ಯಾನ್ ಹೋಸೆಯ ಐಬಿಎಂ ಪ್ರಯೋಗಾಲಯದಲ್ಲಿದ್ದಾಗ, ಕಾಡ್ ಒಂದು ಪ್ರಬಂಧ ಪ್ರಕಟಿಸಿದರು. ಹಲವರು ಹಂಚಿಕೊಂಡು ಬಳಸುವ ದೊಡ್ಡ ಮಾಹಿತಿ ಭಂಡಾರಗಳೇ ಅದರ ವಿಷಯ. ಮಾಹಿತಿಯನ್ನೆಲ್ಲ ಸರಳ ಕೋಷ್ಟಕಗಳಲ್ಲಿಡಿ, ಬಳಸುವವರು ಏನು ಬೇಕು ಅಂತ ಮಾತ್ರ ಕೇಳಲಿ, ಹೇಗೆ ಹುಡುಕಬೇಕು ಅನ್ನೋದನ್ನು ಯಂತ್ರ ನೋಡಿಕೊಳ್ಳಲಿ ಅನ್ನೋದು ಅದರ ಸಾರ. ಊರು ಹೇಳಿದರೆ ಸಾಕು, ದಾರಿ ಆಟೋದವರಿಗೆ ಬಿಟ್ಟಿದ್ದು.

ಎದುರಾದ ದೊಡ್ಡ ಆಕ್ಷೇಪ ವೇಗದ್ದೇ. ಗಣಿತ ಚೆನ್ನಾಗಿದೆ, ಆದರೆ ಓಡೋದಿಲ್ಲ ಅಂದವರು ಬಹಳ. ಅವರದೇ ಕಂಪನಿಗೆ ಹಳೆಯ ಪದ್ಧತಿಯ ಐಎಂಎಸ್‌ನಿಂದ ಒಳ್ಳೆ ಆದಾಯ ಬರುತ್ತಿತ್ತು, ಹೊಸದಕ್ಕೆ ಅವಸರ ಇರಲಿಲ್ಲ. 1974ರಲ್ಲಿ ಕಾಡ್, ಹಳೆಯ ಪದ್ಧತಿಯ ದಿಗ್ಗಜ ಚಾರ್ಲ್ಸ್ ಬಾಕ್‌ಮನ್ ಜೊತೆ ಬಹಿರಂಗವಾಗಿ ವಾದಕ್ಕೇ ನಿಂತರು. ಉತ್ತರ ಕೊಟ್ಟಿದ್ದು ಐಬಿಎಂನ ಸಿಸ್ಟಮ್ ಆರ್ ಮತ್ತು ಬರ್ಕ್ಲಿಯ ಇಂಗ್ರೆಸ್ ಯೋಜನೆಗಳು. ಸಿಸ್ಟಮ್ ಆರ್‌ನಲ್ಲಿ ಪ್ಯಾಟ್ರಿಶಿಯಾ ಸೆಲಿಂಜರ್ ತಂಡ, ಒಂದೇ ಪ್ರಶ್ನೆಗೆ ಇರುವ ಹಲವು ದಾರಿಗಳ ಖರ್ಚು ಲೆಕ್ಕ ಹಾಕಿ ಅಗ್ಗದ್ದನ್ನು ಆರಿಸುವ ವಿಧಾನವನ್ನು 1979ರಲ್ಲಿ ಪ್ರಕಟಿಸಿತು. ದಾರಿಯನ್ನು ಯಂತ್ರಕ್ಕೆ ಬಿಟ್ಟಿದ್ದರಿಂದಲೇ ಅದು ಸಾಧ್ಯವಾಯಿತು. ಅದೇ ವರ್ಷ ಒರಾಕಲ್ ಮಾರುಕಟ್ಟೆಗೆ ಬಂತು. ಐಬಿಎಂನ ಡಿಬಿ2 ಬಂದಿದ್ದು 1983ರಲ್ಲಿ, ಪ್ರಬಂಧ ಬಂದು 13 ವರ್ಷಕ್ಕೆ!

ಅಷ್ಟರಲ್ಲಿ, 1981ರಲ್ಲಿ, ಟ್ಯೂರಿಂಗ್ ಪ್ರಶಸ್ತಿ ಸಿಕ್ಕಿತ್ತು. ಆದರೂ ಕಾಡ್‌ಗೆ ಸಮಾಧಾನ ಇರಲಿಲ್ಲ. ಎಸ್‌ಕ್ಯೂಎಲ್‌ನಲ್ಲಿ ಒಂದೇ ಸಾಲು ಎರಡು ಸಲ ಬರಬಹುದು ಅನ್ನೋದೇ ಅವರಿಗೆ ದೊಡ್ಡ ತಪ್ಪಾಗಿ ಕಾಣುತ್ತಿತ್ತು. 1985ರಲ್ಲಿ, ಯಾವುದು ನಿಜವಾದ ರಿಲೇಷನಲ್ ಡೇಟಾಬೇಸ್ ಅಂತ ಅಳೆಯೋಕೆ 12 ನಿಯಮ ಬರೆದರು. ಸೊನ್ನೆಯಿಂದ ಎಣಿಸಿದ್ದರಿಂದ ಒಟ್ಟು 13! ನಮ್ಮ ಇಂಟರ್ನಲ್ಸ್‌ನಲ್ಲಿ ತಪ್ಪದೆ ಬರುವ ಪ್ರಶ್ನೆ ಅದೇ. 2003ರ ಏಪ್ರಿಲ್ 18ರಂದು ಫ್ಲಾರಿಡಾದ ಮನೆಯಲ್ಲಿ ತೀರಿಕೊಂಡಾಗ ಅವರಿಗೆ 79 ವರ್ಷ. ಅಷ್ಟರಲ್ಲಿ ನಮ್ಮ ತಾಲ್ಲೂಕು ಕಚೇರಿಗಳಲ್ಲೂ ಭೂಮಿ ಯೋಜನೆಯಡಿ ಕಂಪ್ಯೂಟರ್ ಪಹಣಿ ಸಿಗೋಕೆ ಶುರುವಾಗಿತ್ತು. ಸರ್ವೆ ನಂಬರ್ ಹೇಳಿದರೆ ಪಹಣಿ ಬರುತ್ತೆ, ಅದು ಯಾವ ಡಿಸ್ಕಿನ ಯಾವ ಮೂಲೆಯಲ್ಲಿದೆ ಅಂತ ರೈತನನ್ನು ಯಾರೂ ಕೇಳಲ್ಲ.

ಈಗ ಕಡ್ಡಿರಾಂಪುರಕ್ಕೆ ಬರೋಣ. ಅಲ್ಲಿ ಸರ್ವರ್ ಅನ್ನೋದೇ ಇರಲಿಲ್ಲ, ಇದ್ದಿದ್ದು ಬರೀ ಫೈಲು. ಹುಡುಕೋ ಕೆಲಸವನ್ನು ಆಯಾ ಟೇಬಲ್ಲಿನ ಕಂಪ್ಯೂಟರ್ರೇ ಮಾಡ್ತಿತ್ತು. ಹೆಸರಿನ ಕಾಲಮ್ಮಿಗೆ ಇಂಡೆಕ್ಸ್ ಇಲ್ಲದ್ದರಿಂದ, ಒಬ್ಬರ ಹೆಸರು ಸಿಗಬೇಕಾದರೆ ಇಡೀ ಕೋಷ್ಟಕ ಕೇಬಲ್ಲಿನಲ್ಲಿ ಹರಿದು ಬರಬೇಕಿತ್ತು. ಪುಸ್ತಕದ ಒಂದು ಪುಟ ಬೇಕಾದಾಗ ಗ್ರಂಥಾಲಯದ ಬೀರುವನ್ನೇ ಮನೆಗೆ ತರಿಸಿಕೊಂಡ ಹಾಗೆ. ಮೊದಲು ಬ್ಯಾಕಪ್ ತೆಗೆದುಕೊಂಡು ಇಂಡೆಕ್ಸ್ ಹಾಕಿದೆವು. ತಕ್ಷಣ ವ್ಯತ್ಯಾಸ ಗೊತ್ತಾಯ್ತು. ಆಮೇಲೆ ಕೋಷ್ಟಕಗಳನ್ನು ಒಂದು ಡೇಟಾಬೇಸ್ ಸರ್ವರಿಗೆ ಸಾಗಿಸಿದೆವು. ಈಗ ಹುಡುಕೋದು ಮಾಹಿತಿ ಇರುವ ಕಡೆಯೇ, ಕೇಬಲ್ಲಿನಲ್ಲಿ ಬರೋದು ಬೇಕಾದ ಸಾಲು ಮಾತ್ರ. ಎಲ್ಲಾ ಸಾಲು ತರಿಸಿ ಆಮೇಲೆ ಸೋಸುತ್ತಿದ್ದ ಒಂದೆರಡು ವರದಿಗಳನ್ನು ತಿದ್ದಿ ಬರೆಯಬೇಕಾಯ್ತು. ಸಿಬ್ಬಂದಿ ನೋಡುವ ಫಾರ್ಮ್‌ಗಳು ಮಾತ್ರ ಮೊದಲಿದ್ದ ಹಾಗೇ ಉಳಿದವು. ಒಳಗೆ ಇಷ್ಟೆಲ್ಲ ಬದಲಾದರೂ ಕೇಳುವವರ ಪ್ರಶ್ನೆ ಬದಲಾಗಬಾರದು ಅನ್ನೋದೇ ಕಾಡ್ ಇಷ್ಟು ವರ್ಷ ಹಿಡಿದ ಹಠ.

ನಾವು ಕೊಂಡ ಸ್ವಿಚ್ಚಿನ ದುಡ್ಡು ದಂಡವಾಯಿತು. ಜೂನಿಯರ್‌ಗಳಿಗೆ ನಾವು ಹೇಳೋದಿಷ್ಟೇ: ಡಬ್ಬಿ ಬದಲಾಯಿಸೋಕೆ ಮುಂಚೆ ಕೇಬಲ್ಲಿನಲ್ಲಿ ಏನು ಹರೀತಿದೆ ಅಂತ ನೋಡಿ. ಮುಂದಿನ ವಾರ ನಾವು ಹೋದಾಗ ಆ ಬೆಂಚಿನ ಮೇಲೆ ಒಬ್ಬರೇ ಕೂತಿದ್ದರು, ಅವರೂ ಹಂಪಿ ಬಸ್ಸಿಗೆ ಕಾಯ್ತಿದ್ದವರು.